ಎರೆಭೂಮಿಯ ಊರಲ್ಲಿ ದೊಡ್ಡ ಗಾಡಿ

ಬೀದರ, ಭಾಲ್ಕಿ, ಔರಾದಗಳ ಮದುವೆ ಮಂಟಪಗಳ ಮುಂದೆ ಸಾಲಾಗಿ ನಿಲ್ಲುವ ಬಿಳಿ ಫಾರ್ಚೂನರ್, ಸ್ಕಾರ್ಪಿಯೊಗಳನ್ನು ಬರಿಯ ಪ್ರತಿಷ್ಠೆಯೆಂದು ತಳ್ಳಿಹಾಕುವುದು ಸುಲಭವಾದರೂ, ಈ ಜಿಲ್ಲೆಯ ನೆಲವನ್ನು ಕಂಡವರು ಅಷ್ಟು ಬೇಗ ತೀರ್ಪು ಕೊಡಲಾರರು. ಬೀದರ ನಗರವಿರುವ ಜಂಬಿಟ್ಟಿಗೆಯ ಪ್ರಸ್ಥಭೂಮಿಯನ್ನು ಇಳಿದು ಮಾಂಜ್ರಾ ಕಣಿವೆಯತ್ತ ಹೊರಟರೆ ಸಿಗುವುದು ಎರೆಭೂಮಿ. ಸೋಯಾ, ತೊಗರಿ ಬೆಳೆಯುವ ಹೊಲಗಳ ದಾರಿ ಮಳೆಗಾಲದಲ್ಲಿ ಅಂಟಿನಂತಾಗುತ್ತದೆ. ತಳ ಎತ್ತರವಾಗಿದ್ದು, ಲಾರಿಗಿರುವಂತೆ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಮೈಕಟ್ಟು ಕೂರಿಸಿದ ವಾಹನವು ಇಂತಹ ದಾರಿಯ ತಗ್ಗುದಿಣ್ಣೆಗಳನ್ನು ಸಣ್ಣ ಕಾರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಟೈರಿನ ಗೆರೆಗಳಲ್ಲಿ ಎರೆಮಣ್ಣು ಮೆತ್ತಿಕೊಂಡು ಅವು ನುಣ್ಣಗಾದ ಮೇಲೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹರಿದರೂ ಹಿಡಿತ ಸಿಗುವುದಿಲ್ಲ, ಎರಡು ಟನ್ನಿನ ಭಾರವೇ ಗಾಡಿಯನ್ನು ಇನ್ನಷ್ಟು ಹೂಳುತ್ತದೆ. ಮೇಲಾಗಿ ರಸ್ತೆಯಲ್ಲಿ ಕಾಣುವ ದೊಡ್ಡ ಗಾಡಿಗಳಲ್ಲಿ ಹಲವು ಎರಡೇ ಚಕ್ರಗಳಿಗೆ ಶಕ್ತಿ ನೀಡುವಂಥವು.

ದೊಡ್ಡದೆಂದರೆ ಎಷ್ಟು ದೊಡ್ಡದು ಎಂಬುದಕ್ಕೆ ತೆರಿಗೆಯಲ್ಲಿ ಖಚಿತವಾದ ಗೆರೆಯಿದೆ. ಉದ್ದ 4 ಮೀಟರ್‌ ಮತ್ತು ಎಂಜಿನ್ 1500 ಸಿಸಿ ಮೀರಿದ, ನೆಲದಿಂದ ತಳಕ್ಕೆ 170 ಮಿಲಿಮೀಟರ್ ಅಥವಾ ಹೆಚ್ಚು ಅಂತರವಿರುವ ಡೀಸೆಲ್ ವಾಹನಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40. ಉದ್ದದಲ್ಲೂ ಎಂಜಿನ್ನಿನಲ್ಲೂ ಗೆರೆಯೊಳಗಿದ್ದರೆ ಶೇ 18. ಏಳು ಜನ ಕೂರುವ, ಅದೇ ಏಣಿ ಚೌಕಟ್ಟಿನ ಬೊಲೆರೊದ ಉದ್ದ 3,995 ಮಿಲಿಮೀಟರ್, ಎಂಜಿನ್ 1493 ಸಿಸಿ ಆಗಿರುವುದು ಆಕಸ್ಮಿಕವಲ್ಲ. ಇನ್ನು 20 ಲಕ್ಷ ರೂಪಾಯಿ ದಾಟಿದ ಡೀಸೆಲ್ ಗಾಡಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಅಪಘಾತದಲ್ಲಿ ಎದುರಿನವರಿಗಾದ ನಷ್ಟವನ್ನು ಭರಿಸುವ ಕಡ್ಡಾಯ ವಿಮೆಗೆ 1500 ಸಿಸಿ ಮೀರಿದರೆ 2022ರ ದರದಂತೆ ವರ್ಷಕ್ಕೆ 7,897 ರೂಪಾಯಿ, ಅದಕ್ಕಿಂತ ಕೆಳಗಿನ ಮಧ್ಯಮ ಗಾತ್ರದ ಎಂಜಿನ್ನಿಗೆ 3,416.

ಆದರೂ ಬೊಲೆರೊ ಸಾಕೆಂದು ಹೇಳಿ ಮುಗಿಸುವಂತಿಲ್ಲ. ಡಿಕ್ಕಿಯ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಸಿಎಪಿಯಲ್ಲಿ ಅದರ ಸೋದರ ಬೊಲೆರೊ ನಿಯೊ 2024ರಲ್ಲಿ ಒಂದೇ ನಕ್ಷತ್ರ ಪಡೆದರೆ, ಸ್ಕಾರ್ಪಿಯೊ-ಎನ್ 2022ರಲ್ಲಿ ದೊಡ್ಡವರ ರಕ್ಷಣೆಗೆ ಐದು ಪಡೆದಿತ್ತು. ಹುಮನಾಬಾದಿನ ಬಳಿ ಹಾಯುವ ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿಗಳ ನಡುವೆ ನಿತ್ಯ ಓಡಾಡುವವರಿಗೆ ಈ ವ್ಯತ್ಯಾಸ ತೆರಿಗೆಗಿಂತ ದೊಡ್ಡದು.

ಅಂಥ ಓಡಾಟವಿಲ್ಲದೆ ಊರೊಳಗೇ ತಿರುಗುವ ದೊಡ್ಡ ಡೀಸೆಲ್ ಗಾಡಿಗೆ ಬೇರೊಂದು ತೊಡಕುಂಟು. 2020ರಿಂದ ಜಾರಿಯಲ್ಲಿರುವ ಬಿಎಸ್-6 ನಿಯಮದ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವಿದ್ದು, ಎಂಜಿನ್ ಕೆಲಹೊತ್ತು ಬಿಸಿಯಾಗಿ ವೇಗದಲ್ಲಿ ಓಡಿದಾಗಲೇ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಮಾತ್ರ ಓಡಿದರೆ ಶೋಧಕ ಕಟ್ಟಿಕೊಂಡು ಗ್ಯಾರೇಜಿನ ದಾರಿ ಹಿಡಿಸುತ್ತದೆ. ಜಾಗದ ತೊಡಕೂ ಇದೆ: ಬೀದರದ ಚೌಬಾರ ಗೋಪುರದಿಂದ 1472ರ ಮಹಮೂದ್ ಗವಾನ್ ಮದರಸಾದತ್ತ ಹೋಗುವ ಹಳೆಯೂರಿನಲ್ಲಿ 1,855 ಮಿಲಿಮೀಟರ್ ಅಗಲದ ಫಾರ್ಚೂನರ್ ನಿಂತರೆ ಆಟೊಗಳಿಗೆ ಉಳಿಯುವ ಜಾಗ ಅಷ್ಟಕ್ಕಷ್ಟೆ. ಎತ್ತರದ ಬಾನೆಟ್ಟಿನಾಚೆ ಗಾಡಿಗೆ ಅಂಟಿಕೊಂಡಂತೆ ನಿಂತ ಮಗು ಚಾಲಕನಿಗೆ ಕಾಣದಿರುವುದು ಇನ್ನೂ ಗಂಭೀರ. ಬಾನೆಟ್ 40 ಅಂಗುಲಕ್ಕಿಂತ ಎತ್ತರವಿರುವ ವಾಹನ ಬಡಿದರೆ ಪಾದಚಾರಿ ಸಾಯುವ ಸಾಧ್ಯತೆ, ತಗ್ಗಾದ ಇಳಿಜಾರು ಬಾನೆಟ್ಟಿನ ವಾಹನಕ್ಕಿಂತ ಸುಮಾರು ಶೇ 45ರಷ್ಟು ಹೆಚ್ಚೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ 2023ರ ಅಧ್ಯಯನ ತೋರಿಸಿದೆ.

ಏಳು ಆಸನಗಳ ಮಾತು ಬಂದಾಗ ತುಳಜಾಪುರದ ಯಾತ್ರೆ, ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗಳನ್ನು ಕಾರಣವಾಗಿ ಕೊಡುವುದುಂಟು. ವರ್ಷದಲ್ಲಿ ನಾಲ್ಕಾರು ದಿನದ ಆ ಅಗತ್ಯಕ್ಕೆ ಬಾಡಿಗೆಯ ಕ್ರೂಸರ್ ಇದ್ದೇ ಇದೆ. ಅದರಲ್ಲಿ ಹತ್ತು ಮಂದಿಗೂ ಜಾಗ, ಮೇಲಿನ ಕ್ಯಾರಿಯರಿನಲ್ಲಿ ಗಂಟುಮೂಟೆಗೂ ಜಾಗ. ದೊಡ್ಡ ಗಾಡಿಯ ಮೂರನೆಯ ಸಾಲು ಬಿಡಿಸಿದರೆ ಸಾಮಾನಿಡಲು ಎಡೆಯಿರುವುದಿಲ್ಲ.

ಹೈದರಾಬಾದಿನಿಂದ ಹಳೆಯ ಗಾಡಿ ತರುವವರು ಅದರ ಅಗ್ಗದ ಬೆಲೆಯೊಂದನ್ನೇ ನೋಡಬಾರದು. ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಹೊರರಾಜ್ಯದ ವಾಹನ ಇಲ್ಲಿ 12 ತಿಂಗಳು ಮೀರಿ ಉಳಿದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಬೇಕು, ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆಯನ್ನು ಕರ್ನಾಟಕಕ್ಕೆ ಕಟ್ಟಬೇಕು.