ಕೂರಿಗೆಯಿಂದ ಟ್ರ್ಯಾಕ್ಟರ್ ಎರಕದವರೆಗೆ: ಹಿಟ್ನಾಳ ಪರಿಸರದ ಕೃಷಿ ಸಲಕರಣೆ ಉದ್ದಿಮೆ

ಹೊಸಪೇಟೆ–ಕುಷ್ಟಗಿ ಹೆದ್ದಾರಿಯಲ್ಲಿರುವ ಹಿಟ್ನಾಳದ ಆಸುಪಾಸಿನಲ್ಲಿ ಕೃಷಿ ಯಂತ್ರೋದ್ಯಮದ ಎರಡು ತುದಿಗಳನ್ನು ಒಟ್ಟಿಗೇ ಕಾಣಬಹುದು. ಒಂದೆಡೆ ಟ್ರ್ಯಾಕ್ಟರ್ ಉದ್ದಿಮೆಗೆ ಎರಕದ ಭಾಗಗಳನ್ನು ಪೂರೈಸುವ ಬೃಹತ್ ಕಾರ್ಖಾನೆಯಿದೆ. ಇನ್ನೊಂದೆಡೆ ರೈತರ ಕುಂಟೆ, ನೇಗಿಲುಗಳನ್ನು ದುರಸ್ತಿಗೊಳಿಸುವ ಸಣ್ಣ ಕಮ್ಮಟಗಳೂ ವೆಲ್ಡಿಂಗ್ ಅಂಗಡಿಗಳೂ ಇವೆ. ಇವೆರಡರ ನಡುವೆ, ಹೊಲಕ್ಕೆ ಬೇಕಾದ ಸಿದ್ಧ ಸಲಕರಣೆಯನ್ನು ಇಲ್ಲಿಯೇ ತಯಾರಿಸಿ ಮಾರುವ ಮಧ್ಯಮ ಹಂತಕ್ಕೆ ಇನ್ನೂ ಸಾಕಷ್ಟು ಅವಕಾಶವಿದೆ. ಈ ಭಾಗದ ಉದ್ದಿಮೆಯ ಇತಿಹಾಸವನ್ನು ಅವಲೋಕಿಸಿದರೆ ಆ ಅವಕಾಶದ ಸ್ವರೂಪ ಸ್ಪಷ್ಟವಾಗುತ್ತದೆ.

ಆಯದ ಕಾಲದ ತಯಾರಿಕೆ

ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಮಳೆಯಾಶ್ರಿತ ಭೂಮಿಯಲ್ಲಿ ಒಕ್ಕಲುತನದ ಮುಖ್ಯ ಸಾಧನಗಳೆಂದರೆ ನೇಗಿಲು, ರಂಟೆ, ಕುಂಟೆ, ಕೂರಿಗೆ ಮತ್ತು ಎಡೆಕುಂಟೆ. ಬಡಿಗನು ಜಾಲಿಯಂತಹ ಗಟ್ಟಿ ಮರದಿಂದ ಇವುಗಳ ಚೌಕಟ್ಟನ್ನು ರೂಪಿಸಿದರೆ, ಕಂಬಾರನು ಕುಳ, ಕುಡಗಳನ್ನು ಬಡಿದು ಕೂಡಿಸುತ್ತಿದ್ದನು. ಕೂರಿಗೆಯ ಬಟ್ಟಲಿಗೆ ಕೈಯಿಂದ ಬಿಟ್ಟ ಬೀಜವು ಬಿದಿರಿನ ಕೊಳವೆಗಳಲ್ಲಿ ಹಂಚಿಹೋಗಿ ಸಾಲುಗಳಲ್ಲಿ ಏಕಕಾಲಕ್ಕೆ ಬೀಳುತ್ತಿತ್ತು. ಸಾಲಿನಿಂದ ಸಾಲಿಗೆ ಇರಬೇಕಾದ ಅಂತರವು ಬೆಳೆಯಿಂದ ಬೆಳೆಗೆ ಬೇರೆಯಾದುದರಿಂದ ಕೂರಿಗೆಯ ಅಳತೆಯೂ ಬದಲಾಗುತ್ತಿತ್ತು. ಎಡೆಕುಂಟೆಯ ಅಳತೆಯು ಅದಕ್ಕೆ ಹೊಂದಿಕೊಂಡಿರಬೇಕಾಗಿತ್ತು.

ಈ ಕುಶಲಕರ್ಮಿಗಳಿಗೆ ಸಲ್ಲುತ್ತಿದ್ದ ಪ್ರತಿಫಲವೇ ಸುಗ್ಗಿಯಲ್ಲಿ ಕಣದಿಂದ ಅಳೆದುಕೊಡುವ ಆಯ. ಇಂದಿನ ವ್ಯಾಪಾರದ ಪರಿಭಾಷೆಯಲ್ಲಿ ಇದನ್ನು ವಾರ್ಷಿಕ ನಿರ್ವಹಣಾ ಒಪ್ಪಂದ ಎನ್ನಬಹುದು. ಮುಂಗಾರು ಹದ ಬಂದಾಗ ಕೂರಿಗೆ ಮುರಿದರೆ ಅದೇ ದಿನ ಅದು ದುರಸ್ತಿಯಾಗಬೇಕು. ಬಿತ್ತನೆ ತಪ್ಪಿದರೆ ಒಕ್ಕಲಿಗನ ಬೆಳೆಯೊಂದಿಗೆ ಕಂಬಾರನ ಆಯವೂ ಕುಗ್ಗುತ್ತಿತ್ತು. ತಯಾರಕನ ಲಾಭ ಬಳಕೆದಾರನ ಲಾಭಕ್ಕೆ ಕಟ್ಟಿಹಾಕಲ್ಪಟ್ಟ ವ್ಯವಸ್ಥೆಯದು.

ಕಬ್ಬಿಣದ ನೇಗಿಲಿನ ಹಾದಿ

ಕಾರ್ಖಾನೆಯಲ್ಲಿ ತಯಾರಾದ ಸಲಕರಣೆಗಳ ಕಥೆ ಆರಂಭವಾಗುವುದು ಬೆಳಗಾವಿಯಿಂದ. ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಕ್ರಮೇಣ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿದರು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆಂಬ ಶಂಕೆ ರೈತರಲ್ಲಿದ್ದುದರಿಂದ ನೇಗಿಲಿನ ಮಾರಾಟ ಆರಂಭದಲ್ಲಿ ಅತಿ ನಿಧಾನವಾಗಿತ್ತು. 1910ರಲ್ಲಿ ಔಂಧ್ ಸಂಸ್ಥಾನದ ಅರಸರ ನೆರವಿನಿಂದ ಕಾರ್ಖಾನೆಯು ಕುಂಡಲ್ ಬಳಿಗೆ ಸ್ಥಳಾಂತರಗೊಂಡು ಆ ನೆಲೆ ಕಿರ್ಲೋಸ್ಕರವಾಡಿ ಎನಿಸಿತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿ ನೋಂದಣಿಯಾಯಿತು.

ಅದೇ ಉದ್ದಿಮೆ ಮನೆತನದ ಕಿರ್ಲೋಸ್ಕರ್ ಫೆರಸ್ ಇಂಡಸ್ಟ್ರೀಸ್ ಸಂಸ್ಥೆಯು 1991ರಲ್ಲಿ ಸ್ಥಾಪಿತವಾಗಿ, ಹಿಟ್ನಾಳ ಅಂಚೆಗೆ ಸೇರಿದ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣ ಹಾಗೂ ಎರಕದ ತಯಾರಿಕೆ ನಡೆಸುತ್ತ ಬಂದಿದೆ. ಹೊಸಪೇಟೆ–ಬಳ್ಳಾರಿ ಭಾಗದ ಅದಿರು ಮತ್ತು ತುಂಗಭದ್ರೆಯ ನೀರು ಎರಡೂ ಇಲ್ಲಿಗೆ ಸಮೀಪ. ಟ್ರ್ಯಾಕ್ಟರ್ ಹಾಗೂ ಡೀಸೆಲ್ ಎಂಜಿನ್ನುಗಳ ಸಿಲಿಂಡರ್ ಬ್ಲಾಕ್, ಸಿಲಿಂಡರ್ ಹೆಡ್, ಹೌಸಿಂಗ್ ಮುಂತಾದ ಭಾಗಗಳು ಇಲ್ಲಿ ಎರಕಗೊಳ್ಳುತ್ತವೆ. ಆದರೆ ಆ ಭಾಗಗಳು ಟ್ರ್ಯಾಕ್ಟರ್ ರೂಪ ತಾಳುವುದು ಜಿಲ್ಲೆಯ ಹೊರಗೆ.

ನೀರು ತಂದ ಬೇಡಿಕೆ

ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಗಂಗಾವತಿ ಭಾಗವನ್ನು ಭತ್ತದ ಕಣಜವನ್ನಾಗಿಸಿತು. ಅಲ್ಲಿಂದ ಮುಂದೆ ಜಿಲ್ಲೆಯಲ್ಲಿ ಎರಡು ಬಗೆಯ ಬೇಡಿಕೆಗಳು ಉಂಟಾದವು. ಕೆಸರು ಗದ್ದೆಗೆ ಕೇಜ್ ವೀಲ್, ರೋಟವೇಟರ್, ಕಟಾವು ಯಂತ್ರಗಳು ಬೇಕು. ಒಣಭೂಮಿಗೆ ಟ್ರ್ಯಾಕ್ಟರ್ ಹಿಂದೆ ಎಳೆಯುವ ಕೂರಿಗೆ, ಕುಂಟೆ, ಕಲ್ಟಿವೇಟರ್‌ಗಳು ಬೇಕು. ಹೊರರಾಜ್ಯದಲ್ಲಿ ಒಂದೇ ಅಚ್ಚಿನಲ್ಲಿ ತಯಾರಾದ ಯಂತ್ರವು ಈ ಎರಡೂ ನೆಲಗಳಿಗೆ ಸಮನಾಗಿ ಒಗ್ಗುವುದಿಲ್ಲ.

ಸ್ಥಳೀಯ ತಯಾರಕನ ಬಲವಿರುವುದು ಇಲ್ಲಿಯೇ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರು ಕೃಷಿಯ ಹಿನ್ನೆಲೆಯಿಂದ ಬಂದು, ಬೀಜ–ಗೊಬ್ಬರ ಕೂರಿಗೆ, ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಮೊದಲಾದವುಗಳನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಬೃಹತ್ ಬಂಡವಾಳಕ್ಕಿಂತ ನೆಲದ ಅರಿವು ಮುಖ್ಯವೆಂಬುದಕ್ಕೆ ಇದು ನಿದರ್ಶನ.

ಉದ್ದಿಮೆದಾರರು ಗಮನಿಸಬೇಕಾದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಹಾಗೂ ಉಳುಮೆ, ಬಿತ್ತನೆ, ಕಟಾವು ಯಂತ್ರಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಕೊಳ್ಳುವವರಿಗೆ ಇದು ಹಿತಕರ. ಆದರೆ ತಯಾರಕರು ಕೊಳ್ಳುವ ಕಬ್ಬಿಣ, ಉಕ್ಕಿನ ಮೇಲಿನ ತೆರಿಗೆ ಶೇ. 18. ಉದಾಹರಣೆಗೆ, 60,000 ರೂ. ಉಕ್ಕಿಗೆ 10,800 ರೂ. ತೆರಿಗೆ ತೆತ್ತ ಕಮ್ಮಟವು ಸಿದ್ಧ ಕಲ್ಟಿವೇಟರನ್ನು 1,00,000 ರೂ.ಗೆ ಮಾರಿದರೆ ವಸೂಲಾಗುವ ತೆರಿಗೆ 5,000 ರೂ. ಮಾತ್ರ. ಉಳಿದ 5,800 ರೂ. ಲೆಜರಿನಲ್ಲಿಯೇ ಸಿಲುಕುತ್ತದೆ. ಸಣ್ಣ ಉದ್ದಿಮೆಯ ದುಡಿಯುವ ಬಂಡವಾಳ ಕರಗುವುದು ಹೀಗೆಯೇ.

ಕೇಂದ್ರ ಜಿಎಸ್‌ಟಿ ಕಾಯ್ದೆಯ 54(3)ನೆಯ ಕಲಮಿನನ್ವಯ ಈ ಮೊತ್ತದ ಮರುಪಾವತಿಗೆ ಅರ್ಜಿ ಸಲ್ಲಿಸಬಹುದು. ಸಂಬಂಧಪಟ್ಟ ಅವಧಿಯ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 2 ವರ್ಷಗಳೊಳಗೆ ಅರ್ಜಿ ಸಲ್ಲಬೇಕು. ಯಂತ್ರೋಪಕರಣಗಳಂತಹ ಬಂಡವಾಳ ಸರಕಿನ ಮೇಲಿನ ತೆರಿಗೆಗೆ ಈ ಮರುಪಾವತಿ ಅನ್ವಯಿಸದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ ಇದು ದೊರೆಯದು. ಎತ್ತಿನಿಂದ ಅಥವಾ ಕೈಯಿಂದ ನಡೆಸುವ ಸಲಕರಣೆಗಳಿಗೆ ತೆರಿಗೆ ವಿನಾಯಿತಿಯಿದ್ದು, ಅವುಗಳ ಉಕ್ಕಿಗೆ ತೆತ್ತ ತೆರಿಗೆಯನ್ನು ವೆಚ್ಚವೆಂದೇ ಪರಿಗಣಿಸಿ ಬೆಲೆ ನಿಗದಿಪಡಿಸಬೇಕು. ಎರಡೂ ಬಗೆಯ ಸರಕು ತಯಾರಿಸುವವರು ಉಕ್ಕಿನ ಬಳಕೆಗೆ ಪ್ರತ್ಯೇಕ ಲೆಕ್ಕವಿಡುವುದು ಲೇಸು.

ಎರಡನೆಯ ಅಂಶ ಪರೀಕ್ಷೆ. 2014–15ರಲ್ಲಿ ಆರಂಭವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಸಹಾಯಧನಕ್ಕೆ ಅರ್ಹವಾಗಲು ಯಂತ್ರದ ಮಾದರಿಯು ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷೆಗೊಳಪಟ್ಟಿರಬೇಕು. ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇರುವುದು ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಪರೀಕ್ಷಾ ವರದಿಯಿಲ್ಲದ ಉತ್ತಮ ಕೂರಿಗೆಯು ಸಹಾಯಧನ ಪಡೆದ ಹೊರಗಿನ ಕೂರಿಗೆಯ ಬೆಲೆಯೆದುರು ನಿಲ್ಲುವುದು ಕಷ್ಟ. ಒಂದೊಂದು ಕಮ್ಮಟಕ್ಕೆ ಹೊರೆಯೆನಿಸುವ ಈ ವೆಚ್ಚವನ್ನು ಹಲವರು ಕೂಡಿ ಒಂದೇ ಮಾದರಿಗೆ ಭರಿಸುವ ಬಗೆಯನ್ನು ಪರಿಶೀಲಿಸಬಹುದು.

ಆಯದ ಪದ್ಧತಿ ಮರೆಯಾಗಿದೆ, ಆದರೆ ಹದ ತಪ್ಪಿದರೆ ಆಗುವ ನಷ್ಟ ಇಂದಿಗೂ ಅಷ್ಟೇ ಇದೆ. ಮಾರಿದ ಯಂತ್ರದ ಬಿಡಿಭಾಗವನ್ನು ಬಿತ್ತನೆಯ ವಾರದಲ್ಲಿ ಅದೇ ದಿನ ಒದಗಿಸಬಲ್ಲ ತಯಾರಕನು ದೂರದ ಕಂಪನಿಗಿಂತ ಒಂದು ಹೆಜ್ಜೆ ಮುಂದಿರುತ್ತಾನೆ. ಕಬ್ಬಿಣ, ಕುಶಲತೆ, ಮಾರುಕಟ್ಟೆ ಮೂರೂ ಕೈಯಳವಿನಲ್ಲಿರುವ ಹಿಟ್ನಾಳ ಪರಿಸರದ ಉದ್ದಿಮೆದಾರರು ಲೆಕ್ಕಪತ್ರ ಹಾಗೂ ಪರೀಕ್ಷಾ ವರದಿಗಳತ್ತ ಗಮನ ಹರಿಸುವುದು ಈಗ ಅಗತ್ಯವಾಗಿದೆ.