ಗಾಳಿಗೋಪುರ ಕಟ್ಟೋಕೆ ಒಂದು ಪೆನ್ನು ಸಾಕು

ಮನೆಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಫೋನಿನ ಪಕ್ಕ ಒಂದು ಡೈರಿ ಇರುತ್ತಿತ್ತು. ಅದರಲ್ಲಿ ನಂಬರುಗಳ ಸುತ್ತ ಹೂವು, ಚೌಕ, ಸುರುಳಿ ಎಲ್ಲ ಇರುತ್ತಿದ್ದವು. ಯಾರೂ ಚಿತ್ರ ಬಿಡಿಸಬೇಕು ಅಂತ ಕೂತು ಬಿಡಿಸಿದ್ದಲ್ಲ. ಬಾಯಿ ಮಾತಾಡ್ತಿತ್ತು, ಕೈ ತನ್ನ ಪಾಡಿಗೆ ಗೀಚ್ತಿತ್ತು. ಈಗ ಫೋನೇ ಕೈಯಲ್ಲಿರೋದರಿಂದ ಗೀಚೋ ಕೈಗೆ ಬಿಡುವೇ ಇಲ್ಲ.

ನಾನು ಗೀಚೋದು ಹೆಚ್ಚಾಗಿ ಕೋಟೆಗಳನ್ನ. ಮೊದಲು ಒಂದು ಡೊಂಕು ಗೆರೆ ಬರುತ್ತೆ. ಅದು ಗುಡ್ಡದ ಥರ ಕಂಡರೆ ಅದರ ಮೇಲೊಂದು ಬುರುಜು. ಬುರುಜು ಒಂಟಿಯಾಯ್ತು ಅನಿಸಿದರೆ ಪಕ್ಕಕ್ಕೆ ಗೋಡೆ, ಗೋಡೆಗೊಂದು ಹೆಬ್ಬಾಗಿಲು, ಬಾಗಿಲಿಗೆ ಬರೋಕೆ ಒಂದು ದಾರಿ. ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯ್ತು ಅಂತ ನನಗೇ ಗೊತ್ತಾಗಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರಿಗೆ ಇದು ಎಲ್ಲಿಂದ ಬಂದಿದ್ದು ಅಂತ ಹೇಳಬೇಕಾಗಿಲ್ಲ. ಆದರೆ ನನ್ನ ಕಾಗದದ ಮೇಲಿರೋದು ಚಿತ್ರದುರ್ಗವಲ್ಲ. ಎಲ್ಲೂ ಇಲ್ಲದ ಊರು ಅದು.

ಸಾಫ್ಟ್‌ವೇರ್ ಕೆಲಸದಲ್ಲಿ ಎಲ್ಲಕ್ಕೂ ಮೊದಲು ರಿಕ್ವೈರ್‌ಮೆಂಟ್ ಬೇಕು. ಏನು ಕಟ್ಟಬೇಕು ಅಂತ ತೀರ್ಮಾನ ಆದಮೇಲೆ ಡಿಸೈನ್, ಆಮೇಲೆ ಕೋಡ್. ಗೀಚಾಟದಲ್ಲಿ ಇದು ಪೂರ್ತಿ ಉಲ್ಟಾ. ಗೆರೆ ಮೊದಲು ಬರುತ್ತೆ, ಅದು ಏನು ಅಂತ ಆಮೇಲೆ ತಿಳಿಯುತ್ತೆ. ‘ಇವತ್ತು ಒಂದು ಒಳ್ಳೆ ಕೋಟೆ ಬಿಡಿಸ್ತೀನಿ’ ಅಂತ ಕೂತ ದಿನ ನನಗೆ ಬರೋದು ಬರೀ ಕ್ಯಾಲೆಂಡರ್ ಚಿತ್ರ.

ಈ ಹುಚ್ಚು ಇದ್ದವರಲ್ಲಿ ದೊಡ್ಡ ಹೆಸರು ವಿಕ್ಟರ್ ಹ್ಯೂಗೋ. ‘ಲೆ ಮಿಸರಾಬ್ಲ್’ ಕಾದಂಬರಿ ಬರೆದ ಫ್ರೆಂಚ್ ಲೇಖಕ. ಆತ ಬಿಡಿಸಿದ ಸುಮಾರು 4,000 ಚಿತ್ರಗಳು ಉಳಿದಿವೆ. ರೈನ್ ನದಿಯ ದಂಡೆಯಲ್ಲಿ ಕಂಡ ಪಾಳುಕೋಟೆಗಳು ಅವನ ತಲೆಯಲ್ಲಿ ಉಳಿದುಬಿಟ್ಟಿದ್ದವು. ಶಾಯಿ ಚೆಲ್ಲೋದು, ಕಾಗದ ಮಡಚಿ ಕಲೆ ಮೂಡಿಸೋದು, ಕಾಫಿ, ಮಸಿ ಬಳಿಯೋದು, ಕೋಟೆಯ ಆಕಾರಕ್ಕೆ ಕಾಗದ ಕತ್ತರಿಸಿ ಅದರ ಸುತ್ತ ಬಣ್ಣ ಹಾಕೋದು, ಎಲ್ಲವನ್ನೂ ಮಾಡಿದ. ಕಲೆಯಲ್ಲಿ ಏನು ಕಾಣುತ್ತೋ ಅದನ್ನೇ ಗೋಪುರವಾಗಿಯೋ ಬಿರುಗಾಳಿಯಾಗಿಯೋ ಬೆಳೆಸಿದ. 1851ರಲ್ಲಿ ದೇಶ ಬಿಟ್ಟವನು 1870ರವರೆಗೆ ಹೊರಗೇ ಇದ್ದ. ಗರ್ನ್ಸಿ ದ್ವೀಪದಲ್ಲಿದ್ದಾಗಲೂ ಈ ಕೈಚಳಕ ನಿಲ್ಲಲಿಲ್ಲ. ಹೆಚ್ಚಿನ ಚಿತ್ರಗಳನ್ನು ಮನೆಯವರು, ಗೆಳೆಯರು ಮಾತ್ರ ನೋಡಿದ್ದರು.

ನಮ್ಮ ರವೀಂದ್ರನಾಥ ಟ್ಯಾಗೋರರದೂ ಹೆಚ್ಚುಕಡಿಮೆ ಇದೇ ಕಥೆ. ಬರೆದದ್ದನ್ನು ಹೊಡೆದುಹಾಕಿದಾಗ ಉಳಿಯುವ ಗೀಟುಗಳು ಅವರಿಗೆ ಸುಮ್ಮನೆ ಬಿಡೋಕೆ ಮನಸ್ಸಾಗದ ವಸ್ತು. ಒಂದಕ್ಕೊಂದು ಜೋಡಿಸಿ ಹಕ್ಕಿ, ವಿಚಿತ್ರ ಪ್ರಾಣಿ ಮಾಡಿಬಿಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ಉಳಿದಿದ್ದಾಗ ‘ಪೂರಬಿ’ಯ ಹಸ್ತಪ್ರತಿಯಲ್ಲಿ ಇವನ್ನು ಕಂಡು ಬೆರಗಾದವರು ಲೇಖಕಿ ವಿಕ್ಟೋರಿಯಾ ಒಕಾಂಪೊ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಟ್ಯಾಗೋರರ ಚಿತ್ರಪ್ರದರ್ಶನ ನಡೆಯಲು ನೆರವಾದವರೂ ಅವರೇ. ಟ್ಯಾಗೋರರಿಗೆ ಆಗ 70 ಹತ್ತಿರ. ಬೇಡ ಅಂತ ಹೊಡೆದುಹಾಕಿದ ಸಾಲುಗಳಿಂದ ಹುಟ್ಟಿದ ಕಲೆ!

‘ಗೀಚಿದರೆ ಗಮನ ಹೆಚ್ಚುತ್ತೆ ಅಲ್ವಾ?’ ಅಂತ ಕೆಲವರು ಕೇಳ್ತಾರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಎಲ್ಲರ ಬಾಯಲ್ಲಿದೆ. 40 ಜನರಿಗೆ ಬೇಸರ ಹುಟ್ಟಿಸೋ ಒಂದು ಫೋನ್ ಸಂದೇಶ ಕೇಳಿಸಿದರು. ಕೇಳುತ್ತಾ ಗೀಚಿದವರು ಉಳಿದವರಿಗಿಂತ ಶೇ 29ರಷ್ಟು ಹೆಚ್ಚು ವಿವರ ನೆನಪಿಟ್ಟುಕೊಂಡಿದ್ದರು. ಆದರೆ ಒಂದು ಮಾತು: ಅವರು ಮಾಡಿದ್ದು ಕಾಗದದ ಮೇಲೆ ಮೊದಲೇ ಅಚ್ಚಾಗಿದ್ದ ಆಕಾರಗಳಿಗೆ ಪೆನ್ಸಿಲ್ ತುಂಬೋ ಕೆಲಸ. ಕೋಟೆ ಹಾಗಲ್ಲ, ಅದು ಒಳಕ್ಕೆ ಎಳೆದುಕೊಳ್ಳುತ್ತೆ. ಮೀಟಿಂಗಿಗೆ ಚೌಕ, ಸುರುಳಿ ಸಾಕು. ಕೋಟೆಗೆ ರಾತ್ರಿ ಊಟ ಆದಮೇಲಿನ ಹತ್ತು ನಿಮಿಷ ಇಟ್ಟುಕೊಳ್ಳಿ.

ಶುರು ಮಾಡೋರಿಗೆ ನಾಲ್ಕು ಮಾತು. ಪೆನ್ಸಿಲ್ ಬೇಡ, ಪೆನ್ನು ತಗೊಳ್ಳಿ. ಅಳಿಸೋಕಾಗಲ್ಲ ಅಂದಾಗಲೇ ತಪ್ಪು ಗೆರೆ ಮರವೋ ಮೆಟ್ಟಿಲೋ ಆಗೋದು. ಒಂದು ಮುಖ್ಯ ವಿಷಯ, ಕಿಟಕಿ ಸಣ್ಣದಾದಷ್ಟೂ ಗೋಡೆ ದೊಡ್ಡದಾಗಿ ಕಾಣುತ್ತೆ. ಹತ್ತಿರದ ಗುಡ್ಡಕ್ಕೆ ದಟ್ಟ ಗೆರೆ, ದೂರದ್ದಕ್ಕೆ ತೆಳು ಗೆರೆ ಹಾಕಿದರೆ ಮೈಲಿಗಟ್ಟಲೆ ಜಾಗ ತಾನಾಗಿ ಹುಟ್ಟುತ್ತೆ. ಏನೂ ಹೊಳೆಯದಿದ್ದರೆ ಕಾಗದದ ಮೇಲೆ ಒಂದು ತೊಟ್ಟು ಕಾಫಿ ಬೀಳಿಸಿ ಒಣಗೋಕೆ ಬಿಡಿ. ಕಲೆ ಬಿದ್ದ ಗೋಡೆಯನ್ನು ದಿಟ್ಟಿಸಿದರೆ ಬೆಟ್ಟ, ನದಿ, ಯುದ್ಧ ಎಲ್ಲ ಕಾಣುತ್ತೆ ಅಂತ ಲಿಯೊನಾರ್ಡೊ ಡ ವಿಂಚಿಯೇ ಕಲಾವಿದರಿಗೆ ಹೇಳಿದ್ದ.

‘ಇದಕ್ಕೊಂದು ಇನ್‌ಸ್ಟಾ ಪೇಜ್ ಮಾಡೋ, ಟೀ ಶರ್ಟ್ ಮೇಲೆ ಹಾಕಿ ಮಾರೋ’ ಅಂತ ಆಫೀಸಿನ ಗೆಳೆಯ ಹೇಳ್ತಾನೇ ಇರ್ತಾನೆ. ‘ಎಐಗೆ ಹೇಳಿದರೆ ಹತ್ತು ಸೆಕೆಂಡಿನಲ್ಲಿ ನೂರು ಕೋಟೆ ಕೊಡುತ್ತಲ್ಲ’ ಅನ್ನೋದು ಇನ್ನೊಬ್ಬಳ ವಾದ. ಕೊಡುತ್ತೆ, ನಿಜ. ನನ್ನ ಕೋಟೆಗಿಂತ ಚೆನ್ನಾಗೂ ಇರುತ್ತೆ. ಆದರೆ ಅದಕ್ಕೆ ಏನು ಬೇಕು ಅಂತ ಮಾತಲ್ಲಿ ಹೇಳಬೇಕು. ನನಗೆ ಏನು ಬೇಕು ಅಂತ ಗೊತ್ತಿಲ್ಲದಿರೋದೇ ಇಲ್ಲಿನ ಸುಖ.

ದಿನಕ್ಕೆ ಎಷ್ಟು ಹೆಜ್ಜೆ ನಡೆದೆ, ಎಷ್ಟು ಗಂಟೆ ಮಲಗಿದೆ, ಎಷ್ಟು ಟಿಕೆಟ್ ಮುಗಿಸಿದೆ, ಎಲ್ಲಕ್ಕೂ ಲೆಕ್ಕ ಇದೆ. ರೇಟಿಂಗ್ ಇಲ್ಲದ, ಯಾರೂ ಕೇಳದ, ಚೆನ್ನಾಗಿ ಬರಲೇಬೇಕು ಅಂತಿಲ್ಲದ ಒಂದೇ ಒಂದು ಕೆಲಸವಾದರೂ ನಮ್ಮ ಹತ್ತಿರ ಉಳಿದಿರಬೇಕು. ‘ಗಾಳಿಗೋಪುರ ಕಟ್ಟಬೇಡ’ ಅಂತ ಹಿರಿಯರು ಬೈತಿದ್ದದ್ದು ಕೆಲಸ ಬಿಟ್ಟು ಕನಸು ಕಾಣೋರಿಗೆ. ಕೆಲಸ ಮುಗಿಸಿ ಕೂತವರು ಕಟ್ಟಿದರೆ ಅದಕ್ಕೆ ಸಾಲವಿಲ್ಲ, ಇಎಂಐ ಇಲ್ಲ. ಹಳೇ ಬಿಲ್ಲಿನ ಹಿಂಬದಿಯಲ್ಲೇ ಜಾಗ ಸಿಗುತ್ತೆ.