ಎಸ್‌ಎಂಪಿಎಸ್ ಕೊಳ್ಳುವ ಮುನ್ನ: ವ್ಯಾಟ್ ನೋಡಿದರೆ ಸಾಲದು, ಲೇಬಲ್ ಓದಿ

ಮದುವೆ ವಿಡಿಯೋ ಸಂಕಲನ, ಕಟ್ಟಡಗಳ ತ್ರೀಡಿ ವಿನ್ಯಾಸ, ಹೊಸ ಆಟಗಳು ಮುಂತಾದವುಗಳಿಗಾಗಿ ಶಕ್ತಿಶಾಲಿ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಕೊನೆಗೆ ಕೈಯಲ್ಲಿ ಉಳಿದ ಹಣದಲ್ಲಿ ಎಸ್‌ಎಂಪಿಎಸ್ ಕೊಳ್ಳುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ಕ್ಯಾಬಿನೆಟ್ ಜತೆಗೇ ಎಸ್‌ಎಂಪಿಎಸ್ ಸೇರಿಸಿ ಕೊಡುವ ಪದ್ಧತಿಯೂ ಉಂಟು. ಆದರೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಗೂ ಹಾರ್ಡ್‌ಡಿಸ್ಕ್‌ನಲ್ಲಿರುವ ವರ್ಷಗಳ ದುಡಿಮೆಯ ಸುರಕ್ಷತೆ ಬಹುಮಟ್ಟಿಗೆ ಈ ತಗಡಿನ ಡಬ್ಬಿಯನ್ನೇ ಅವಲಂಬಿಸಿದೆ.

ಗೋಡೆಯ ಸಾಕೆಟ್‌ನಿಂದ ಬರುವ 230 ವೋಲ್ಟ್ ಎಸಿ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್ ಡಿಸಿ ವಿದ್ಯುತ್ತಾಗಿ ಪರಿವರ್ತಿಸುವುದು ಎಸ್‌ಎಂಪಿಎಸ್‌ನ ಕೆಲಸ. ಹಳೆಯ ಕಂಪ್ಯೂಟರ್‌ಗಳು 5 ಮತ್ತು 3.3 ವೋಲ್ಟ್‌ಗಳಲ್ಲಿ ಹೆಚ್ಚು ವಿದ್ಯುತ್ ಬಳಸುತ್ತಿದ್ದವು. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳು ತಮಗೆ ಬೇಕಾದುದರಲ್ಲಿ ಬಹುಪಾಲನ್ನು 12 ವೋಲ್ಟ್ ಮಾರ್ಗದಿಂದಲೇ ಪಡೆಯುತ್ತವೆ. ಹೀಗಾಗಿ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಒಟ್ಟು ವ್ಯಾಟ್‌ಗಿಂತ ಡಬ್ಬಿಯ ಪಕ್ಕದ ಲೇಬಲ್‌ನಲ್ಲಿರುವ 12 ವೋಲ್ಟ್ ಸಾಲಿನ ಆಂಪಿಯರ್ ಮುಖ್ಯ. 12 ವೋಲ್ಟ್‌ಗೆ 16 ಆಂಪಿಯರ್ ಎಂದಿದ್ದರೆ, 12ನ್ನು 16ರಿಂದ ಗುಣಿಸಿದಾಗ ಬರುವುದು 192 ವ್ಯಾಟ್ ಮಾತ್ರ. ಹೊರಗೆ 450 ಎಂದು ಬರೆದಿದ್ದರೂ ಅದು ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಹೊರಲಾರದು. ಉತ್ತಮ 750 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಈ ಸಾಲಿನಲ್ಲಿ ಸುಮಾರು 62 ಆಂಪಿಯರ್ ಇರುತ್ತದೆ. ಅಂದರೆ ಹೆಚ್ಚುಕಡಿಮೆ ಪೂರ್ತಿ 750 ವ್ಯಾಟ್ 12 ವೋಲ್ಟ್‌ನಲ್ಲಿಯೇ ಲಭ್ಯ. ಅಂಗಡಿಯಲ್ಲಿ ಲೇಬಲ್ ತೋರಿಸಲು ಹಿಂಜರಿದರೆ ಆ ಸರಕನ್ನು ಬಿಟ್ಟುಬಿಡುವುದು ಲೇಸು.

ಎಷ್ಟು ವ್ಯಾಟ್ ಬೇಕು ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಇಂಟೆಲ್‌ನ ಕೋರ್ ಐ5-12400 ಪ್ರೊಸೆಸರ್ ಗರಿಷ್ಠ 117 ವ್ಯಾಟ್, ಎನ್ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್ 170 ವ್ಯಾಟ್ ಬಳಸುತ್ತವೆ. ಮದರ್‌ಬೋರ್ಡ್, ಮೆಮೊರಿ, ಡಿಸ್ಕ್, ಫ್ಯಾನ್‌ಗಳಿಗೆ ಇನ್ನೊಂದು 60 ವ್ಯಾಟ್ ಸೇರಿಸಿದರೂ ಮೊತ್ತ 350 ದಾಟುವುದಿಲ್ಲ. ಇದಕ್ಕೆ ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್ ಧಾರಾಳವಾಯಿತು. ಸಾವಿರ ವ್ಯಾಟ್‌ಗೆ ಹಣ ಸುರಿಯುವ ಅಗತ್ಯವಿಲ್ಲ. ಅದೇ ಕೋರ್ ಐ9-14900ಕೆ (253 ವ್ಯಾಟ್) ಮತ್ತು ಆರ್‌ಟಿಎಕ್ಸ್ 4090 (450 ವ್ಯಾಟ್) ಜೋಡಿಯಾದರೆ ಎರಡರಿಂದಲೇ 703 ವ್ಯಾಟ್. ಉಳಿದವು ಸೇರಿ ಸುಮಾರು 780. ಈ ಕಾರ್ಡ್‌ಗೆ ಎನ್ವಿಡಿಯಾ ಕನಿಷ್ಠ 850 ವ್ಯಾಟ್ ಸೂಚಿಸಿದೆಯಾದರೂ ಇಂತಹ ಪ್ರೊಸೆಸರ್ ಜತೆಗೆ 1000 ವ್ಯಾಟ್ ಇಟ್ಟುಕೊಳ್ಳುವುದು ಕ್ಷೇಮ.

ಇಷ್ಟು ಅಂತರ ಏಕೆ ಎಂದು ಕೇಳಬಹುದು. ಗ್ರಾಫಿಕ್ಸ್ ಕಾರ್ಡ್‌ಗಳು ತಮ್ಮ ನಿಗದಿತ ಮಿತಿಯಲ್ಲಿ ಸಮನಾಗಿ ಉರಿಯುವ ದೀಪಗಳಲ್ಲ. ಕಣ್ಣು ಮಿಟುಕಿಸುವುದಕ್ಕಿಂತಲೂ ಬಹಳ ಕಡಿಮೆ ಅವಧಿಗೆ ಅವು ಮಿತಿಗಿಂತ ಹೆಚ್ಚು ವಿದ್ಯುತ್ ಸೆಳೆಯುತ್ತವೆ. ಸಾಮರ್ಥ್ಯ ಸಾಲದ ಎಸ್‌ಎಂಪಿಎಸ್ ಆಗ ರಕ್ಷಣೆಗಾಗಿ ತಟ್ಟನೆ ನಿಲ್ಲುತ್ತದೆ. ರೆಂಡರಿಂಗ್ ನಡುವೆ ಕಂಪ್ಯೂಟರ್ ಸದ್ದಿಲ್ಲದೆ ಆರಿಹೋದಾಗ ಹಲವರು ವೈರಸ್ ಎಂದೋ ವಿಂಡೋಸ್ ದೋಷವೆಂದೋ ಭಾವಿಸಿ ಫಾರ್ಮ್ಯಾಟ್ ಮಾಡಿಸುತ್ತಾರೆ. 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಮಾನದಂಡವು ಇಂತಹ ಎಸ್‌ಎಂಪಿಎಸ್‌ಗಳು ನಿಗದಿತ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು 100 ಮೈಕ್ರೋಸೆಕೆಂಡ್ ಕಾಲ ತಾಳಿಕೊಳ್ಳಬೇಕೆಂದು ವಿಧಿಸಿತು. ಹೊಸದಾಗಿ ಕೊಳ್ಳುವವರು ಎಟಿಎಕ್ಸ್ 3.0 ಅಥವಾ 3.1 ಎಂದು ನಮೂದಿಸಿರುವುದನ್ನೇ ಆರಿಸಿಕೊಳ್ಳಬೇಕು.

'80 ಪ್ಲಸ್ ಗೋಲ್ಡ್' ಎಂಬ ಮುದ್ರೆಯಿದ್ದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. 2004ರಲ್ಲಿ ಆರಂಭವಾದ ಈ ಯೋಜನೆ ಅಳೆಯುವುದು ಮುಖ್ಯವಾಗಿ ದಕ್ಷತೆಯನ್ನು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಯಿರುವಾಗ ಬ್ರಾಂಜ್ ದರ್ಜೆ ಶೇ 85, ಗೋಲ್ಡ್ ದರ್ಜೆ ಶೇ 90 ದಕ್ಷತೆ ತೋರಬೇಕು. 300 ವ್ಯಾಟ್ ಹೊರೆಯಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಸುಮಾರು 20 ವ್ಯಾಟ್. ದಿನಕ್ಕೆ 8 ಗಂಟೆಯಂತೆ ವರ್ಷದಲ್ಲಿ 300 ದಿನ ದುಡಿಸಿದರೆ 48 ಯೂನಿಟ್ ಉಳಿತಾಯ. ಒಳ್ಳೆಯದೇ. ಆದರೆ ಅತಿ ಹೊರೆ ಬಿದ್ದಾಗ ಅಥವಾ ಶಾರ್ಟ್ ಸರ್ಕಿಟ್ ಆದಾಗ ಸಾಧನ ಸುರಕ್ಷಿತವಾಗಿ ನಿಲ್ಲುವುದೇ ಎಂಬ ಪ್ರಶ್ನೆಗೆ ಈ ಮುದ್ರೆ ಉತ್ತರಿಸುವುದಿಲ್ಲ. ಗಿಗಾಬೈಟ್ ಕಂಪನಿಯ ಪಿ750ಜಿಎಂ ಮತ್ತು ಪಿ850ಜಿಎಂ ಮಾದರಿಗಳಿಗೆ ಗೋಲ್ಡ್ ದರ್ಜೆಯೇ ಇತ್ತು. ಆದರೂ ಪರೀಕ್ಷಕರು ಅತಿ ಹೊರೆ ಹಾಕಿದಾಗ ಅವು ಸಿಡಿದವು. ಶೇ 120ರಿಂದ 150ರಷ್ಟಿದ್ದ ಅತಿಹೊರೆ ರಕ್ಷಣೆಯ ಮಿತಿಯನ್ನು ಶೇ 110ರಿಂದ 120ಕ್ಕೆ ಇಳಿಸಿರುವುದಾಗಿ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಕಂಪನಿ, ನಿರ್ದಿಷ್ಟ ಕ್ರಮಸಂಖ್ಯೆಯವನ್ನು ಬದಲಿಸಿಕೊಡಲು ಮುಂದಾಯಿತು. ಆದ್ದರಿಂದ ಬ್ರ್ಯಾಂಡ್ ಹೆಸರಿನ ಬದಲು ನಿರ್ದಿಷ್ಟ ಮಾದರಿಯ ಸ್ವತಂತ್ರ ಪರೀಕ್ಷಾ ವರದಿ ಓದುವುದು ಉಚಿತ. ವಾರಂಟಿಯೂ ಒಂದು ಸೂಚಕವೇ. ಏಳು ಅಥವಾ ಹತ್ತು ವರ್ಷದ ವಾರಂಟಿ ನೀಡುವವರು ಒಳಗೆ ಕಳಪೆ ಕೆಪಾಸಿಟರ್ ಹಾಕುವ ಸಾಧ್ಯತೆ ಕಡಿಮೆ.

ಸಾವಿರ ವ್ಯಾಟ್ ಎಸ್‌ಎಂಪಿಎಸ್ ಹಾಕಿದರೆ ಸದಾ ಸಾವಿರ ವ್ಯಾಟ್ ಬಿಲ್ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕಂಪ್ಯೂಟರ್ ಕೇಳಿದಷ್ಟನ್ನು ಮಾತ್ರ ಅದು ಕೊಡುತ್ತದೆ.

ನಮ್ಮ ಊರುಗಳ ವಿದ್ಯುತ್ ಪರಿಸ್ಥಿತಿಗೆ ಸಂಬಂಧಿಸಿ ಇನ್ನೂ ಕೆಲವು ವಿಚಾರಗಳಿವೆ. ಬೇಸಿಗೆಯ ಸಂಜೆ ವೋಲ್ಟೇಜ್ ಕುಸಿಯುವ ಕಡೆಗಳಲ್ಲಿ ಇನ್‌ಪುಟ್ 100-240 ವೋಲ್ಟ್ ಎಂದಿರುವ ಎಸ್‌ಎಂಪಿಎಸ್ ಹೆಚ್ಚು ತಾಳಿಕೊಳ್ಳುತ್ತದೆ. 200-240 ಎಂದಷ್ಟೇ ಇರುವಂಥದ್ದು ಅಲ್ಲಿಗೆ ತಕ್ಕುದಲ್ಲ. ಸಾಮಾನ್ಯವಾಗಿ ಮಾರಾಟವಾಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ಮೇಲೆ ಹೇಳಿದ 780 ವ್ಯಾಟ್ ಕಂಪ್ಯೂಟರ್ ಪೂರ್ಣ ಹೊರೆಯಲ್ಲಿದ್ದಾಗ ಕರೆಂಟ್ ಹೋದರೆ ಇಂತಹ ಯುಪಿಎಸ್ ಕೂಡ ಜತೆಯಲ್ಲೇ ಕೈಕೊಡುತ್ತದೆ. ಆ್ಯಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಸ್ಕ್ವೇರ್ ವೇವ್ ಯುಪಿಎಸ್‌ಗೆ ಬದಲಾದ ಕ್ಷಣ ನಿಂತುಬಿಡುವುದುಂಟು. ಪ್ಯೂರ್ ಸೈನ್ ವೇವ್ ಮಾದರಿಗಳು ಇಲ್ಲಿ ನಿಶ್ಚಿಂತೆ. ಮನೆಯ ಇನ್ವರ್ಟರನ್ನೇ ನೆಚ್ಚಿಕೊಂಡವರು ಅದನ್ನು ಯುಪಿಎಸ್ ಮೋಡ್‌ನಲ್ಲಿಡಬೇಕು.

ಅರ್ತಿಂಗ್ ಬಗ್ಗೆ ಉದಾಸೀನ ಸಲ್ಲದು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವ ಅನುಭವ ಹಳೆಯ ಮನೆಗಳಲ್ಲಿ ಸಾಮಾನ್ಯ. ಎಸ್‌ಎಂಪಿಎಸ್‌ನ ಶೋಧಕ ಕೆಪಾಸಿಟರ್‌ಗಳಿಂದ ಅಲ್ಪ ವಿದ್ಯುತ್ ಲೋಹದ ಮೈಗೆ ಸೋರುತ್ತದೆ. ಅರ್ತ್ ಇದ್ದರೆ ಅದು ನೆಲಕ್ಕೆ ಹರಿಯುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೂಲಕ ಹರಿಯುತ್ತದೆ. ಎಸ್‌ಎಂಪಿಎಸ್ ಬದಲಿಸಿದರೆ ಇದು ಗುಣವಾಗದು. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಸರಿಪಡಿಸಬೇಕು.

ಜೋಡಣೆಯಲ್ಲಿಯೂ ಎಚ್ಚರ ಬೇಕು. ದೊಡ್ಡ ಕಾರ್ಡ್‌ಗಳ 16 ಪಿನ್ ಕನೆಕ್ಟರ್ 600 ವ್ಯಾಟ್‌ವರೆಗೆ ಸಾಗಿಸುತ್ತದೆ. 2022ರ ಅಕ್ಟೋಬರ್‌ನಿಂದ ಇವು ಕರಗಿದ ವರದಿಗಳು ಬಂದವು. 2023ರಲ್ಲಿ ವಿನ್ಯಾಸ ತಿದ್ದಿದರೂ ಪ್ಲಗ್ ಪೂರ್ತಿ ಒಳಹೋಗಿದೆಯೇ ಎಂದು ನೋಡುವುದು ಜೋಡಿಸುವವರ ಹೊಣೆ. ಕಳಚಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲ್‌ಗಳನ್ನು ಹಾಗೆಯೇ ಬಿಟ್ಟು ಹೊಸ ಡಬ್ಬಿಗೆ ಸಿಕ್ಕಿಸುವ ಸೋಮಾರಿತನ ಕೆಲವರಲ್ಲಿದೆ. ಡಬ್ಬಿಯ ಕಡೆಯ ಪಿನ್‌ಗಳ ಕ್ರಮಕ್ಕೆ ಏಕರೂಪದ ಮಾನದಂಡವಿಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂರಬಹುದು, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಸ್ವಿಚ್ ಒತ್ತಿದ ಕ್ಷಣವೇ ಹಾರ್ಡ್‌ಡಿಸ್ಕ್ ಸುಟ್ಟುಹೋಗಬಹುದು. ಹೊಸ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲಿ ಬಂದ ಕೇಬಲ್‌ಗಳನ್ನೇ ಹಾಕಿಸಿ, ಹಳೆಯವನ್ನು ಹಳೆಯ ಎಸ್‌ಎಂಪಿಎಸ್ ಜತೆಗೇ ಕಟ್ಟಿಡಿಸಿ.